ಮಜಲ್‌ಲೋಡರ್‌ಗೆ ಯಾವ ಕ್ಯಾಲಿಬರ್? ಜಿಂಕೆಗೂ ಅಳಿಲಿಗೂ ಕೋವಿ ಹುಡುಕುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಮಜಲ್‌ಲೋಡರ್, ಅಂದರೆ ನಳಿಗೆಯ ಬಾಯಿಂದಲೇ ಮದ್ದು ಗುಂಡು ತುಂಬುವ ಕೋವಿಗೆ ಅಮೆರಿಕದ ಬಹುತೇಕ ರಾಜ್ಯಗಳಲ್ಲಿ ಬೇರೆಯದೇ ಬೇಟೆ ಋತು ಇದೆ. ಅಲ್ಲಿರುವ ಕನ್ನಡಿಗರು ಇದರ ಬಗ್ಗೆ ಮಾತು ತೆಗೆದಾಗ ಮೊದಲು ಬರುವ ಪ್ರಶ್ನೆ ಕ್ಯಾಲಿಬರಿನದು. ಊರಿನಿಂದಲೂ ಕುತೂಹಲಕ್ಕೆ ಕೇಳುವವರಿದ್ದಾರೆ. ಕೇಳಿದವರ ಮಾತಿನಲ್ಲೇ ಪ್ರಶ್ನೆಗಳನ್ನು ಇಟ್ಟಿದ್ದೇನೆ. ಕೆಳಗಿನದೆಲ್ಲ ಅಮೆರಿಕದ ಬೇಟೆಗೆ ಸಂಬಂಧಿಸಿದ್ದು. ಭಾರತದ ಮಾತು ಬಂದಲ್ಲಿ ಹಾಗೆಂದು ಹೇಳಿದ್ದೇನೆ.

## ಶುರು ಮಾಡುವವರಿಗೆ

ಇದು ನಮ್ಮೂರ ಕೇಪಿನ ಕೋವಿ ತಾನೆ? ಅದಕ್ಕೆಲ್ಲ ಕ್ಯಾಲಿಬರ್ ಅಂತ ಯಾರು ನೋಡ್ತಿದ್ರು?

ತುಂಬುವ ಕ್ರಮ ಹೆಚ್ಚುಕಡಿಮೆ ಅದೇ. ಮದ್ದು ಸುರಿ, ಗುಂಡು ಜಡಿ, ಕಿಡಿ ಹೊತ್ತಿಸುವ ಕೇಪು ಇಡು, ಅದಕ್ಕೆ ಬಡಿಯುವ ಕುದುರೆ ಎಳೆ. ವ್ಯತ್ಯಾಸ ಇರುವುದು ನಳಿಗೆಯ ಒಳಗೆ. ಮಲೆನಾಡಿನ ಕೇಪಿನ ಕೋವಿಯ ನಳಿಗೆ ಸಾಮಾನ್ಯವಾಗಿ ಒಳಗೆ ನುಣುಪು. ಚರೆ ಹಾಕಿದರೂ ನಡೆಯುತ್ತದೆ, ಒಂಟಿ ಗುಂಡು ಹಾಕಿದರೂ ನಡೆಯುತ್ತದೆ, ಅಳತೆ ಸ್ವಲ್ಪ ಆಚೀಚೆಯಾದರೆ ಚಿಂದಿಯೋ ತೆಂಗಿನ ನಾರೋ ತುರುಕಿ ಸರಿಮಾಡಿಕೊಳ್ಳಬಹುದು.

ಅಮೆರಿಕದಲ್ಲಿ ಜಿಂಕೆ ಬೇಟೆಗೆ ಹಿಡಿಯುವುದು ಹೆಚ್ಚಾಗಿ ರೈಫಲ್. ಅದರ ನಳಿಗೆಯೊಳಗೆ ಸುರುಳಿ ಗೀರುಗಳಿರುತ್ತವೆ. ಗುಂಡು ನಳಿಗೆಗಿಂತ ಕೂದಲೆಳೆಯಷ್ಟು ಸಣ್ಣದು. ಅದರ ಸುತ್ತ ಜಿಡ್ಡು ಹಚ್ಚಿದ ಹತ್ತಿಬಟ್ಟೆಯ ತುಂಡು, ಅದಕ್ಕೆ ಪ್ಯಾಚ್ ಅನ್ನುತ್ತಾರೆ. ಗೀರುಗಳನ್ನು ಕಚ್ಚಿಕೊಂಡು ಗುಂಡನ್ನು ಬುಗುರಿಯಂತೆ ತಿರುಗಿಸುವುದು ಈ ಬಟ್ಟೆಯೇ. ಆದ್ದರಿಂದ ನಳಿಗೆ, ಗುಂಡು, ಬಟ್ಟೆ ಮೂರರ ಅಳತೆಯೂ ಹೊಂದಬೇಕು. ಗುರಿ ನಿಲ್ಲುವುದೂ ಕೆಡುವುದೂ ಅಲ್ಲೇ.

ಬೋರ್ ಅಂದ್ರೆ ಗೊತ್ತು, 12 ಬೋರ್ ಮನೇಲಿತ್ತು. .32, .50 ಅಂದ್ರೆ ಏನು ಲೆಕ್ಕ?

ಬೋರ್ ಎಂದರೆ ಒಂದು ಪೌಂಡ್ ಸೀಸದಲ್ಲಿ ಆ ನಳಿಗೆಗೆ ಹೊಂದುವ ಎಷ್ಟು ಗುಂಡು ಎರೆಯಬಹುದು ಎಂಬ ಲೆಕ್ಕ. 12 ಗುಂಡು ಬಂದರೆ 12 ಬೋರ್, 20 ಬಂದರೆ 20 ಬೋರ್. ಅದಕ್ಕೇ ಸಂಖ್ಯೆ ಹೆಚ್ಚಾದಂತೆ ನಳಿಗೆ ಸಣ್ಣದಾಗುತ್ತದೆ. ಕ್ಯಾಲಿಬರಿನಲ್ಲಿ ಈ ತಿರುವುಮುರುವು ಇಲ್ಲ, ಅದು ನೇರವಾಗಿ ಇಂಚಿನ ಲೆಕ್ಕ. .50 ಎಂದರೆ ಅರ್ಧ ಇಂಚು, ಅಂದರೆ 12.7 ಮಿಲಿಮೀಟರ್. .32 ಎಂದರೆ ಸುಮಾರು 8 ಮಿ.ಮೀ., .36 ಎಂದರೆ 9 ಚಿಲ್ಲರೆ, .45 ಎಂದರೆ 11.4, .54 ಎಂದರೆ 13.7. ಎರಡು ಲೆಕ್ಕವನ್ನೂ ಕೂಡಿಸಿ ನೋಡಬೇಕೆಂದರೆ 20 ಬೋರಿನ ನಳಿಗೆ ಸುಮಾರು .62, 12 ಬೋರಿನದು ಸುಮಾರು .73.

ಮದ್ದು ಮತ್ತು ಗುಂಡಿನ ತೂಕಕ್ಕೆ ಗ್ರೇನ್ ಎಂಬ ಅಳತೆ ಬಳಸುತ್ತಾರೆ. 7,000 ಗ್ರೇನ್ ಸೇರಿದರೆ ಒಂದು ಪೌಂಡ್. ಮುಂದೆ ಇದು ಹಲವು ಸಲ ಬರುತ್ತದೆ.

ಸುತ್ತಿ ಬಳಸಿ ಬೇಡ. ಒಂದೇ ಕೋವಿ ತಗೊಳ್ಳೋದಾದ್ರೆ ಯಾವುದು?

.50. ಜಿಂಕೆಗೆ ಯಾವ ರಾಜ್ಯದಲ್ಲೂ ತಕರಾರಿಲ್ಲದ ಅಳತೆ. ಗುಂಡು, ಪ್ಯಾಚ್, ಹಳೆಯ ಕೋವಿ, ಹೊಸ ಕೋವಿ ಎಲ್ಲವೂ ಇದರಲ್ಲೇ ಸುಲಭವಾಗಿ ಸಿಗುತ್ತವೆ. ಮದ್ದು ಕಡಿಮೆ ಮಾಡಿಕೊಂಡು ಅಳಿಲಿಗೂ ಬಳಸಬಹುದು, ಆದರೆ ಅದು ಅಳಿಲಿನ ಕೋವಿ ಅಲ್ಲ.

ನಿಮ್ಮ ಬೇಟೆಯಲ್ಲಿ ಅಳಿಲು, ಮೊಲವೇ ಹೆಚ್ಚು, ಜಿಂಕೆ ವರ್ಷಕ್ಕೊಂದು ಎನ್ನುವುದಾದರೆ ನನ್ನ ಉತ್ತರ ಬದಲಾಗುತ್ತದೆ: .36 ಕೊಂಡು, ಜಿಂಕೆಗೆ ಯಾರದೋ .50 ಎರವಲು ತನ್ನಿ. ಎರಡಕ್ಕೂ ಒಂದೇ ಅಳತೆ ಹೊಂದಿಸುವ ಹಟವೇ ಜನರನ್ನು ತಪ್ಪು ಕೋವಿಗೆ ಕರೆದೊಯ್ಯುತ್ತದೆ.

ನಾನು ಎಚ್‌-1ಬಿ ವೀಸಾದಲ್ಲಿ ಇದ್ದೀನಿ. ಇಂಥ ಕೋವಿ ಇಟ್ಕೊಳ್ಳಬಹುದಾ?

ವಲಸೆಯಲ್ಲದ ವೀಸಾದವರು ಬಂದೂಕು ಹೊಂದುವುದನ್ನು ಒಕ್ಕೂಟದ ಕಾನೂನು ಸಾಮಾನ್ಯವಾಗಿ ನಿಷೇಧಿಸುತ್ತದೆ. ರಾಜ್ಯ ಕೊಟ್ಟ ಚಾಲ್ತಿಯಲ್ಲಿರುವ ಬೇಟೆ ಪರವಾನಗಿ ಇದ್ದವರಿಗೆ ಅದರಲ್ಲಿ ವಿನಾಯಿತಿ ಇದೆ. ಜೊತೆಗೆ, ಕಪ್ಪು ಮದ್ದಿಗೆಂದೇ ಮಾಡಿದ, ತೋಟಾ (ಮದ್ದು ಗುಂಡು ಒಟ್ಟಿಗೆ ತುಂಬಿದ ಕಾರ್ಟ್ರಿಜ್) ಹಾಕಲಾಗದ ಬಾಯಿತುಂಬು ಕೋವಿಯನ್ನು 1968ರ ಗನ್ ಕಂಟ್ರೋಲ್ ಕಾಯ್ದೆ ಪ್ರಾಚೀನ ಆಯುಧದ ಗುಂಪಿಗೆ ಸೇರಿಸಿ ಬಂದೂಕಿನ ವ್ಯಾಖ್ಯೆಯಿಂದ ಹೊರಗಿಟ್ಟಿದೆ. ಇಷ್ಟು ಓದಿ ನಿಶ್ಚಿಂತರಾಗಬೇಡಿ. ತೋಟಾ ಕೋವಿಯ ಚೌಕಟ್ಟಿಗೆ ಬಾಯಿತುಂಬು ನಳಿಗೆ ಜೋಡಿಸಿದ್ದರೆ ಆ ವಿನಾಯಿತಿ ಸಿಗದು. ರಾಜ್ಯಗಳ ನಿಯಮವೂ ಬೇರೆ: ನ್ಯೂಜೆರ್ಸಿ ಮತ್ತು ಇಲಿನಾಯ್‌ನಲ್ಲಿ ಇದನ್ನೂ ಬಂದೂಕು ಎಂದೇ ಎಣಿಸಿ ಬಂದೂಕುದಾರರ ಗುರುತಿನ ಚೀಟಿ ಕೇಳುತ್ತಾರೆ. ನಮ್ಮವರು ಹೆಚ್ಚಾಗಿರುವ ರಾಜ್ಯಗಳಲ್ಲಿ ಇವೆರಡೂ ಸೇರಿವೆ. ಹಸಿರು ಕಾರ್ಡಿನ ಸಾಲಿನಲ್ಲಿ ನಿಂತವರು ಅಂಗಡಿಯವನ ಮಾತು ನಂಬದೆ ವಲಸೆ ವಕೀಲರನ್ನು ಕೇಳಿ.

ಊರಲ್ಲಿ ತೋಟಕ್ಕೆ ಹಂದಿ ಕಾಟ. ಇದೇ ಲೆಕ್ಕ ಅಲ್ಲಿಗೂ ಆಗುತ್ತಾ?

ಇಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಭಾರತದಲ್ಲಿ ಬೇಟೆ ಅಪರಾಧ. ಬೆಳೆ ರಕ್ಷಣೆಗೆಂದು ಕೋವಿಯ ಪರವಾನಗಿ ಇದ್ದರೂ ಅದು ಪ್ರಾಣಿ ಕೊಲ್ಲುವ ಪರವಾನಗಿಯಲ್ಲ. ಕೊಡವರಿಗೆ ಮತ್ತು ಕೊಡಗಿನ ಜಮ್ಮಾ ಜಮೀನಿನ ಹಿಡುವಳಿದಾರರಿಗೆ ಕೋವಿ ಪರವಾನಗಿಯಿಂದ ಇರುವ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಹತ್ತು ವರ್ಷಕ್ಕೆ ಮುಂದುವರಿಸಿತು. ಅದೂ ಕೋವಿ ಇಟ್ಟುಕೊಳ್ಳುವುದಕ್ಕೆ, ಬೇಟೆಗಲ್ಲ.

## ಜಿಂಕೆಗೆ

.45 ಸಾಕು ಅಂತ ಕೆಲವರು, .50 ಬೇಕೇ ಬೇಕು ಅಂತ ಕೆಲವರು. ಅರ್ಧ ದಶಾಂಶದಲ್ಲಿ ಅಂಥ ವ್ಯತ್ಯಾಸ ಏನಿದೆ?

ದುಂಡು ಗುಂಡಿನಲ್ಲಿ ಕ್ಯಾಲಿಬರೇ ಎಲ್ಲ. ಈಗಿನ ತೋಟಾ ರೈಫಲ್ಲಿನಲ್ಲಿ ಗುಂಡನ್ನು ಉದ್ದ ಮಾಡಿ ತೂಕ ಹೆಚ್ಚಿಸಬಹುದು. ಗೋಲಿಯಾಕಾರದ ಗುಂಡಿಗೆ ಆ ದಾರಿ ಇಲ್ಲ, ಭಾರವಾಗಬೇಕೆಂದರೆ ದಪ್ಪವಾಗಲೇಬೇಕು. ದಪ್ಪ ಎರಡರಷ್ಟಾದರೆ ತೂಕ ಎಂಟರಷ್ಟು. ಹಾಗಾಗಿ ಕಣ್ಣಿಗೆ ಕಾಣದಷ್ಟು ವ್ಯತ್ಯಾಸವೂ ತಕ್ಕಡಿಯಲ್ಲಿ ಎದ್ದು ಕಾಣುತ್ತದೆ.

ಶುದ್ಧ ಸೀಸದ ಗುಂಡುಗಳ ತೂಕ ನೋಡಿ. .32ಕ್ಕೆ ಹಾಕುವ ಗುಂಡು ಸುಮಾರು 45 ಗ್ರೇನ್. .36ಕ್ಕೆ 65, .40ಕ್ಕೆ 90, .45ಕ್ಕೆ 128, .50ಕ್ಕೆ 177, .54ಕ್ಕೆ 224. .45ರಿಂದ .54ಕ್ಕೆ ಹೋದರೆ ನಳಿಗೆಯ ಅಗಲ ಐದರಲ್ಲಿ ಒಂದು ಭಾಗ ಹೆಚ್ಚುತ್ತದೆ, ಗುಂಡಿನ ತೂಕ ಮುಕ್ಕಾಲು ಪಾಲು ಹೆಚ್ಚುತ್ತದೆ.

.45 ಜಿಂಕೆ ಕೊಲ್ಲುವುದಿಲ್ಲ ಎಂದಲ್ಲ. ಐವತ್ತು ಗಜದೊಳಗೆ, ಜಿಂಕೆ ಅಡ್ಡ ನಿಂತಿದ್ದಾಗ, ಮುಂಗಾಲಿನ ಹಿಂದೆ ಶ್ವಾಸಕೋಶಕ್ಕೆ ಬಿದ್ದರೆ ಕೆಲಸ ಮುಗಿದಂತೆ. ಹದಿನೆಂಟನೇ ಶತಮಾನದ ಪೆನ್ಸಿಲ್ವೇನಿಯಾ, ಕೆಂಟಕಿ ಕಾಡುಗಳಲ್ಲಿ ಈ ಅಳತೆಯ ಆಸುಪಾಸಿನ ಉದ್ದ ರೈಫಲ್ಲುಗಳಲ್ಲಿ ಲೆಕ್ಕವಿಲ್ಲದಷ್ಟು ಜಿಂಕೆಗಳು ಬಿದ್ದಿವೆ. ಆದರೆ ಜಿಂಕೆ ಸ್ವಲ್ಪ ತಿರುಗಿ ನಿಂತಿದ್ದರೆ, ಭುಜದ ಮೂಳೆ ಅಡ್ಡ ಬಂದರೆ, ಹಗುರ ಗುಂಡು ಒಳಗೇ ನಿಂತುಬಿಡಬಹುದು. ಗುಂಡು ಆಚೆ ಬದಿಯಿಂದ ಹೊರಬಿದ್ದರೆ ನೆಲದ ಮೇಲೆ ರಕ್ತದ ಜಾಡು ಸಿಗುತ್ತದೆ. ನವೆಂಬರಿನ ಓಕ್ ಎಲೆಗಳು ಮೊದಲೇ ಕಂದುಗೆಂಪು. ಅದರ ಮೇಲೆ ಒಂದೇ ತೂತಿನಿಂದ ತೊಟ್ಟಿಕ್ಕಿದ ರಕ್ತ ಹುಡುಕಲು ಮೊಣಕಾಲೂರಿ ಒಂದೊಂದೇ ಎಲೆ ತಿರುಗಿಸಬೇಕಾಗುತ್ತದೆ, ಕತ್ತಲೂ ಬೇಗ ಇಳಿಯುತ್ತದೆ. .50ರ ಪರವಾಗಿ ನನಗೆ ಇದಕ್ಕಿಂತ ದೊಡ್ಡ ವಾದ ಬೇಕಿಲ್ಲ.

ಕಾನೂನು ಏನು ಹೇಳುತ್ತೆ? ಕನಿಷ್ಠ ಅಳತೆ ಅಂತ ಇದೆಯಾ?

ಇದೆ, ಒಂದೊಂದು ರಾಜ್ಯದಲ್ಲಿ ಒಂದೊಂದು. ಕೊಲರಾಡೊದಲ್ಲಿ ಜಿಂಕೆಗೆ .40, ಎಲ್ಕ್ ಎಂಬ ದೊಡ್ಡ ಜಾತಿಯ ಜಿಂಕೆಗೆ .50. ವಾಷಿಂಗ್ಟನ್ ರಾಜ್ಯದಲ್ಲಿ ಜಿಂಕೆಗೆ .40, ಎಲ್ಕ್‌ಗೆ .45. ಐಡಹೋದಲ್ಲಿ ಜಿಂಕೆಗೆ .45, ಎಲ್ಕ್‌ಗೆ .50. ಪೆನ್ಸಿಲ್ವೇನಿಯಾದಲ್ಲಿ ಕ್ರಿಸ್ಮಸ್ ಕಳೆದ ಮೇಲೆ ಬರುವ ಪ್ರಸಿದ್ಧ ಚಕಮಕಿ ಕೋವಿ (ಕೇಪಿನ ಬದಲು ಕಲ್ಲಿನ ಕಿಡಿಯಿಂದ ಹೊತ್ತುವ ಕೋವಿ) ಋತುವಿಗೆ .44 ಅಥವಾ ಹೆಚ್ಚು. ಅಳತೆಯ ಜೊತೆಗೆ ಬೇರೆ ಷರತ್ತುಗಳೂ ಅಂಟಿಕೊಂಡಿರುತ್ತವೆ. ಕೊಲರಾಡೊದ ಮಜಲ್‌ಲೋಡರ್ ಋತುವಿನಲ್ಲಿ ಕೋವಿಯ ಮೇಲೆ ದುರ್ಬೀನು ಕೂಡದು, ಪ್ಲಾಸ್ಟಿಕ್ ತೊಟ್ಟಿಲಿನ ಗುಂಡು ಕೂಡದು, ಗುಳಿಗೆ ರೂಪದ ಮದ್ದೂ ಕೂಡದು.

ನಿಯಮಪುಸ್ತಕ ಪ್ರತಿ ವರ್ಷ ಹೊಸದು ಬರುತ್ತದೆ, ಕೋವಿ ಕೊಳ್ಳುವ ಮೊದಲು ನಿಮ್ಮ ರಾಜ್ಯದ್ದನ್ನು ಓದಿ. ಕನಿಷ್ಠ ಅಳತೆ ಎಂದರೆ ದಂಡ ಬೀಳದ ಅಳತೆ. ಸಾಕಾಗುವ ಅಳತೆ ಎಂದು ಅದು ಎಲ್ಲೂ ಹೇಳುವುದಿಲ್ಲ.

ಮದ್ದು ಜಾಸ್ತಿ ಹಾಕಿದ್ರೆ .40 ಕೂಡ .50ರ ಕೆಲಸ ಮಾಡಲ್ವಾ?

ನಳಿಗೆಯ ಬಾಯಲ್ಲಿ ಮಾಡಿದ ಹಾಗೆ ಕಾಣುತ್ತದೆ, ಜಿಂಕೆಯ ಹತ್ತಿರ ಹೋಗುವಷ್ಟರಲ್ಲಿ ಇಲ್ಲ. ದುಂಡು ಗುಂಡು ಗಾಳಿಯನ್ನು ಸೀಳುವುದಿಲ್ಲ, ತಳ್ಳಿಕೊಂಡು ಹೋಗುತ್ತದೆ. ಸೆಕೆಂಡಿಗೆ ಸುಮಾರು 1,800 ಅಡಿ ವೇಗದಲ್ಲಿ ಹೊರಟ .50 ಗುಂಡು ನೂರು ಗಜ ಮುಟ್ಟುವಾಗ 1,000 ಅಡಿಯ ಆಸುಪಾಸಿಗೆ ಇಳಿದಿರುತ್ತದೆ. ಸಣ್ಣ ಗುಂಡು ಇನ್ನೂ ಬೇಗ ಸೋಲುತ್ತದೆ. ವೇಗ ಹೆಚ್ಚಾದಷ್ಟೂ ಗಾಳಿಯ ತಡೆ ಹೆಚ್ಚು, ಆದ್ದರಿಂದ ಹೆಚ್ಚುವರಿ ಮದ್ದು ಕೊಟ್ಟ ವೇಗ ದಾರಿಯಲ್ಲೇ ಖರ್ಚಾಗುತ್ತದೆ. ಉಳಿಯುವುದು ಹೊಗೆ, ಭುಜಕ್ಕೆ ಗುದ್ದು, ಕೆಟ್ಟ ಗುರಿ. ತಯಾರಕರು ಕೈಪಿಡಿಯಲ್ಲಿ ಬರೆದ ಗರಿಷ್ಠ ಮಿತಿಯನ್ನು ಯಾವ ಕಾರಣಕ್ಕೂ ದಾಟಬೇಡಿ. ತೂಕವನ್ನು ಸೀಸದಿಂದಲೇ ಪಡೆಯಬೇಕು.

ಹಾಗಾದ್ರೆ .54 ಇನ್ನೂ ಒಳ್ಳೇದಲ್ವಾ?

ಜಿಂಕೆಗೆ ಒಳ್ಳೆಯದು, ಎಲ್ಕ್‌ಗೆ ಇನ್ನೂ ಒಳ್ಳೆಯದು. ಎಲ್ಕ್ ನಮ್ಮ ಕಡವೆಗಿಂತ ದೊಡ್ಡ ಪ್ರಾಣಿ, ಗಂಡು 300 ಕಿಲೋ ದಾಟುತ್ತದೆ. ಸೇಂಟ್ ಲೂಯಿಸ್‌ನಲ್ಲಿ ಜೇಕಬ್ ಮತ್ತು ಸ್ಯಾಮ್ಯುಯೆಲ್ ಹಾಕನ್ ಸಹೋದರರು ರಾಕಿ ಪರ್ವತಕ್ಕೆ ಹೋಗುವವರಿಗೆ ಕೋವಿ ಮಾಡಿಕೊಡುತ್ತಿದ್ದಾಗ ಈ ಅಳತೆಯ ಸುತ್ತಮುತ್ತಲೇ ನಿಂತದ್ದು ಸುಮ್ಮನೆ ಅಲ್ಲ. ಬೀಳುವ ಪ್ರಾಣಿ ದೊಡ್ಡದಿತ್ತು, ಎದುರಿಗೆ ಗ್ರಿಜ್ಲಿ ಕರಡಿಯೂ ಬರಬಹುದಿತ್ತು.

ಇನ್ನೊಂದು ತಮಾಷೆ: ನಳಿಗೆಯ ಹೊರಸುತ್ತು ಒಂದೇ ಆಗಿದ್ದರೆ .54 ಕೋವಿ .50ಕ್ಕಿಂತ ಹಗುರ. ಒಳಗಿಂದ ಕಬ್ಬಿಣ ಹೆಚ್ಚು ಕೊರೆದಿರುತ್ತಾರಲ್ಲ. ಇಡೀ ದಿನ ಗುಡ್ಡ ಹತ್ತುವವರು ಇದನ್ನು ಲೆಕ್ಕಕ್ಕೆ ಇಟ್ಟುಕೊಳ್ಳಿ. ತೊಂದರೆ ಎಂದರೆ ಖರ್ಚು. ಒಂದು ಪೌಂಡ್ ಸೀಸಕ್ಕೆ ಮೂವತ್ತೊಂದೇ ಗುಂಡು ಬರುತ್ತದೆ. ಹಳ್ಳಿ ಅಂಗಡಿಯಲ್ಲಿ .50ರ ಸಾಮಾನು ಸಿಕ್ಕಷ್ಟು ಸುಲಭವಾಗಿ ಇದರದ್ದು ಸಿಗುವುದಿಲ್ಲ.

ಎಷ್ಟು ದೂರದವರೆಗೆ ಹೊಡೀಬಹುದು?

ದುಂಡು ಗುಂಡಿನಲ್ಲಿ .45ಕ್ಕೆ ಐವತ್ತು ಗಜ, .50ಕ್ಕೆ ಎಪ್ಪತ್ತೈದು, .54ಕ್ಕೆ ನೂರರ ಒಳಗೆ. ಇದು ನಾನು ಇಟ್ಟುಕೊಂಡ ಗೆರೆ. ಇದಕ್ಕಿಂತ ದೂರ ಹೊಡೆಯುವ ಚತುರರಿದ್ದಾರೆ. ಬಿಳಿಬಾಲದ ಜಿಂಕೆಯ ಹೃದಯ ಶ್ವಾಸಕೋಶದ ಜಾಗ ಸುಮಾರು ಎಂಟು ಇಂಚು ಅಗಲ. ಎಪ್ಪತ್ತೈದು ಗಜಕ್ಕೆ ಗುರಿ ಕಟ್ಟಿದ .50 ಗುಂಡು ನೂರರಲ್ಲಿ ಮೂರು ಇಂಚಿನಷ್ಟು ಕೆಳಗೆ ಬೀಳುತ್ತದೆ, ಅದನ್ನು ಹೇಗೋ ಸುಧಾರಿಸಬಹುದು. ಗಾಳಿಯನ್ನು ಸುಧಾರಿಸುವುದು ಕಷ್ಟ. ಗಂಟೆಗೆ ಹತ್ತು ಮೈಲಿಯ ಅಡ್ಡಗಾಳಿ, ಅಂದರೆ ಎಲೆ ಒಂದೇ ಸಮನೆ ಅಲ್ಲಾಡುವಷ್ಟು ಗಾಳಿ, ನೂರು ಗಜದಲ್ಲಿ ಆ ಗುಂಡನ್ನು ಎಂಟು ಹತ್ತು ಇಂಚು ಪಕ್ಕಕ್ಕೆ ಒಯ್ಯುತ್ತದೆ. ಶ್ವಾಸಕೋಶಕ್ಕೆ ಇಟ್ಟ ಗುರಿ ಹೊಟ್ಟೆಗೆ ಹೋಗಲು ಅಷ್ಟು ಸಾಕು. ಅಭ್ಯಾಸದ ಬಯಲಿನಲ್ಲಿ ಐದಕ್ಕೆ ಐದು ಗುಂಡನ್ನೂ ಊಟದ ತಟ್ಟೆಯೊಳಗೆ ಎಷ್ಟು ದೂರದಿಂದ ಹಾಕಬಲ್ಲಿರೋ ಅದೇ ನಿಮ್ಮ ದೂರ, ಕ್ಯಾಲಿಬರ್ ಏನೇ ಇರಲಿ.

## ಅಳಿಲು, ಮೊಲಕ್ಕೆ

ಅಳಿಲು ಹೊಡೆದು ತಿಂತಾರಾ? ಅಂಗೈಯಷ್ಟೂ ಇರಲ್ಲ!

ನೀವು ನೆನೆಸಿಕೊಳ್ಳುತ್ತಿರುವುದು ಬೆನ್ನ ಮೇಲೆ ಮೂರು ಗೆರೆಯ ನಮ್ಮ ಅಂಗಳದ ಅಳಿಲು. ಅಮೆರಿಕದ ಬೂದು ಅಳಿಲು ಅರ್ಧ ಕಿಲೋದಷ್ಟು ತೂಗುತ್ತದೆ, ನರಿಬಣ್ಣದ ದೊಡ್ಡ ಜಾತಿ ಇನ್ನೂ ಹೆಚ್ಚು. ಪಶ್ಚಿಮ ಘಟ್ಟದ ಕೆಂಜಳಿಲಿಗೂ ಅಂಗಳದ ಅಳಿಲಿಗೂ ನಡುವಿನ ಗಾತ್ರ. ಅಪಲೇಶಿಯನ್ ಗುಡ್ಡಗಾಡಿನಲ್ಲಿ ಅದರ ಸಾರು ಹಳೆಯ ಮನೆಯೂಟ. ರುಚಿ ಮೊಲಕ್ಕೆ ಹತ್ತಿರ.

.32ಓ .36ಓ?

ಜಗಳ ಹಚ್ಚಬೇಕೆಂದರೆ ಈ ಪ್ರಶ್ನೆ ಕೇಳಿದರೆ ಸಾಕು. .32 ಅಪ್ಪಟ ಅಳಿಲಿನ ಕೋವಿ. 20 ಗ್ರೇನ್ ಮದ್ದು ಸಾಕು, ಗುಂಡಿನ ತೂಕ ಸಾಮಾನ್ಯ .22 ತೋಟಾದ ಗುಂಡಿಗಿಂತ ಒಂದಿಷ್ಟು ಹೆಚ್ಚು. ಒಂದು ಪೌಂಡ್ ಮದ್ದಿನಲ್ಲಿ 350 ಈಡು, ಒಂದು ಪೌಂಡ್ ಸೀಸದಲ್ಲಿ ನೂರೈವತ್ತಕ್ಕೂ ಹೆಚ್ಚು ಗುಂಡು. ಅದೇ .50ರಲ್ಲಿ 80 ಗ್ರೇನಿನಂತೆ ಹೊಡೆದರೆ ಪೌಂಡ್ ಮದ್ದು 87 ಈಡಿಗೆ ಮುಗಿಯುತ್ತದೆ, ಸೀಸ ನಲವತ್ತಕ್ಕೂ ಬರುವುದಿಲ್ಲ. ಕುದುರೆಯ ಮೇಲೆ ಸೀಸ ಹೊತ್ತು ಬೆಟ್ಟ ದಾಟುತ್ತಿದ್ದ ಕಾಲದಲ್ಲಿ ಗುಡ್ಡಗಾಡಿನವರು ಸಣ್ಣ ನಳಿಗೆ ಇಷ್ಟಪಟ್ಟದ್ದು ಈ ಲೆಕ್ಕದಿಂದಲೇ.

ಆದರೂ ನನ್ನ ಮತ .36ಕ್ಕೆ. .32ರ ಗುಂಡು ಬಟಾಣಿಗಿಂತ ದೊಡ್ಡದಿಲ್ಲ. ಜನವರಿಯ ಚಳಿಯಲ್ಲಿ ಕೈಗವಸು ತೆಗೆದು ಅದನ್ನು ಪ್ಯಾಚಿನ ನಡುಮಧ್ಯೆ ಕೂರಿಸುವಾಗ ಬೆರಳ ತುದಿಗೆ ಸ್ಪರ್ಶವೇ ಇರುವುದಿಲ್ಲ. ಜಾರಿ ಎಲೆಯೊಳಗೆ ಬಿದ್ದರೆ ಹುಡುಕುವ ಆಸೆ ಬಿಡಿ. ನಳಿಗೆ ಕಿರಿದಾದ್ದರಿಂದ ಮಸಿ ಬೇಗ ಕಟ್ಟುತ್ತದೆ, ಕೆಲವೇ ಈಡಿಗೆ ಗುಂಡು ಅರ್ಧದಲ್ಲಿ ಸಿಕ್ಕಿಕೊಳ್ಳತೊಡಗುತ್ತದೆ. ಗುಂಡು ಜಡಿಯುವ ಮರದ ಕೋಲು, ರಾಮ್‌ರಾಡ್, ಪೆನ್ಸಿಲಿನಷ್ಟೇ ಸಣ್ಣ. ಬಲ ಹಾಕಿ ಒತ್ತಿದರೆ ಮುರಿದು ಅಂಗೈಗೆ ಚುಚ್ಚುತ್ತದೆ. .36ರಲ್ಲಿ ಈ ಮೂರು ಕಾಟವೂ ಒಂದು ಪಾಲು ಕಡಿಮೆ. ಮದ್ದು ಸ್ವಲ್ಪ ಏರಿಸಿದರೆ ರಕೂನ್‌ವರೆಗೂ ಹೋಗಬಹುದು. ಟರ್ಕಿ ಕೋಳಿಗೆ ರೈಫಲ್ ಬಿಡುವ ರಾಜ್ಯಗಳಲ್ಲಿ ಅದಕ್ಕೂ ಆದೀತು. ಕೊಳ್ಳಬಲ್ಲ ಬೆಲೆಗೆ ಕಣ್ಣಿಗೆ ಬಿದ್ದದ್ದು .32 ಮಾತ್ರ ಎಂದರೆ ಬಿಡಬೇಡಿ, ಗಟ್ಟಿ ರಾಡ್ ಒಂದನ್ನು ಬೇರೆಯಾಗಿ ಕೊಂಡುಕೊಳ್ಳಿ.

ಎರಡರಲ್ಲಿ ಯಾವುದಾದರೂ ಗುರಿ ತಲೆಗೇ. ಗಡಿನಾಡಿನ ಹೆಸರಾಂತ ಬೇಟೆಗಾರ ಡೇನಿಯಲ್ ಬೂನ್ ಅಳಿಲಿಗೆ ಹೊಡೆಯದೆ ಅದರ ಕೆಳಗಿನ ತೊಗಟೆಗೆ ಹೊಡೆದು, ಆ ಅದುರಿಗೇ ಅದನ್ನು ಕೆಡವುತ್ತಿದ್ದನೆಂದು ಪಕ್ಷಿಚಿತ್ರಕಾರ ಆಡುಬಾನ್ ಬರೆದಿದ್ದಾನೆ. ಕೇಳಲು ಚೆನ್ನಾಗಿದೆ. ಸಾರಿಗೆ ಅದನ್ನು ನಂಬಿ ಕೂರಬೇಡಿ.

ಜಿಂಕೆ ಕೋವೀಲೇ ಅಳಿಲಿಗೆ ಹೊಡೆದ್ರೆ ತಿನ್ನೋಕೆ ಏನಾದ್ರೂ ಉಳಿಯುತ್ತಾ?

ತಲೆಗೆ ಬಿದ್ದರೆ ಎಲ್ಲ ಉಳಿಯುತ್ತದೆ, ಮೈಗೆ ಬಿದ್ದರೆ ಚರ್ಮ ಸುಲಿಯುವ ಶ್ರಮವೂ ದಂಡ. .45 ಅಥವಾ .50ರಲ್ಲಿ ಮದ್ದನ್ನು 30 ಗ್ರೇನಿಗೆ ಇಳಿಸಿ. ಗುಂಡು ಮೆಲ್ಲಗೆ ಹೋಗಿ ತನ್ನಷ್ಟೇ ತೂತು ಮಾಡುತ್ತದೆ. ಮದ್ದು ಇಳಿದಾಗ ಗುಂಡು ಬೀಳುವ ಜಾಗವೂ ಬದಲಾಗುತ್ತದೆ. ಇಪ್ಪತ್ತೈದು ಗಜದಲ್ಲಿ ಕಾಗದಕ್ಕೆ ಹೊಡೆದು ಎಲ್ಲಿ ಬೀಳುತ್ತದೆಂದು ಬರೆದಿಟ್ಟುಕೊಳ್ಳದೆ ಕಾಡಿಗೆ ಹೋಗಬೇಡಿ. ಜಿಂಕೆ ಋತುವಿನ ಮೊದಲು ಹೀಗೆ ಅಳಿಲಿನ ಹಿಂದೆ ಸುತ್ತಿದರೆ ನಿಮ್ಮ ಕೋವಿಯ ಟ್ರಿಗರ್, ಕುದುರೆ, ಹೊಗೆ ಎಲ್ಲ ಅಭ್ಯಾಸವಾಗುತ್ತದೆ. ಜಿಂಕೆ ಕೋವಿಯನ್ನು ಅಳಿಲಿಗೆ ಒಯ್ಯಲು ನನಗೆ ಕಾಣುವ ಒಳ್ಳೆಯ ಕಾರಣ ಇದೊಂದೇ.

.40 ತಗೊಂಡ್ರೆ ಎರಡಕ್ಕೂ ಆಗಲ್ವಾ? ಮಧ್ಯದ ದಾರಿ?

ಗುರಿಯಾಟಕ್ಕೆ .40ರಷ್ಟು ಹಿತವಾದ ಅಳತೆ ಇಲ್ಲ, ನೆಟ್ಟಗೆ ಹೋಗುತ್ತದೆ, ಗುದ್ದೇ ಇಲ್ಲ. ಬೇಟೆಗೆ ಬಂದರೆ ಅಳಿಲಿಗೆ ಬೇಕಾದ್ದಕ್ಕಿಂತ ದೊಡ್ಡದು, ಜಿಂಕೆಗೆ ಬೇಕಾದ್ದಕ್ಕಿಂತ ಸಣ್ಣದು. ಎಷ್ಟೋ ರಾಜ್ಯಗಳಲ್ಲಿ ಜಿಂಕೆಗೆ ಕಾನೂನುಬದ್ಧವೂ ಅಲ್ಲ.

ನುಣುಪು ನಳಿಗೆಯಲ್ಲಿ ಚರೆ ಹಾಕಿ ಸಣ್ಣ ಬೇಟೆ, ಗುಂಡು ಹಾಕಿ ಜಿಂಕೆ. ಅಜ್ಜ ಹಂಗೇ ಮಾಡ್ತಿದ್ದಿದ್ದು. ಅದ್ಯಾಕೆ ಆಗಲ್ಲ?

ಖಂಡಿತ ಆಗುತ್ತದೆ. ಒಂದೇ ಕೋವಿಯಲ್ಲಿ ಎಲ್ಲ ಬೇಕೆನ್ನುವವರಿಗೆ ನಿಜವಾದ ಉತ್ತರ ಇದೇ, .40 ಅಲ್ಲ. 20 ಬೋರಿನ ಚಕಮಕಿ ಕೋವಿಯನ್ನು ವಸಾಹತು ಕಾಲದ ಅಮೆರಿಕದ ರೈತರೂ ಹೀಗೆಯೇ ಬಳಸುತ್ತಿದ್ದರು. ಓಡುವ ಮೊಲಕ್ಕೆ, ಹಾರುವ ಹಕ್ಕಿಗೆ ರೈಫಲ್ ಹಿಡಿದವನು ನೋಡುತ್ತ ನಿಲ್ಲಬೇಕಷ್ಟೆ. ಸುಮಾರು .60ರ ಗುಂಡು 320 ಗ್ರೇನ್ ಮೀರುತ್ತದೆ, ಜಿಂಕೆಗೆ ಧಾರಾಳ. ಬೆಲೆ ಕಟ್ಟಬೇಕಾದ್ದು ದೂರದಲ್ಲಿ. ಗೀರಿಲ್ಲದ ನಳಿಗೆ, ಹಿಂದಿನ ಗುರಿಗಣ್ಣೂ ಸಾಮಾನ್ಯವಾಗಿ ಇರುವುದಿಲ್ಲ. ಐವತ್ತು ಗಜಕ್ಕೆ ಮುಗಿಯಿತು. ದಟ್ಟ ಕಾಡಿನಲ್ಲಿ ಅದಕ್ಕಿಂತ ದೂರ ಕಾಣುವುದೂ ಇಲ್ಲ. ನಿಮ್ಮ ರಾಜ್ಯ ನುಣುಪು ನಳಿಗೆಯನ್ನು ಜಿಂಕೆಗೆ ಬಿಡುತ್ತದೆಯೇ ಎಂದು ಮಾತ್ರ ನೋಡಿಕೊಳ್ಳಿ.

## ಇನ್ನೂ ಆಳಕ್ಕೆ

1:48, 1:66 ಅಂತ ನಳಿಗೆ ಮೇಲೆ ಬರೆದಿರುತ್ತೆ. ಕ್ಯಾಲಿಬರ್ ಆಯ್ಕೆಗೂ ಇದಕ್ಕೂ ಸಂಬಂಧ ಉಂಟಾ?

ಇದೆ, ಕೊಳ್ಳುವವರು ಮರೆಯುವುದೂ ಇದನ್ನೇ. ಗೀರು ಎಷ್ಟು ಇಂಚಿಗೆ ಒಂದು ಪೂರ್ತಿ ಸುತ್ತು ಹಾಕುತ್ತದೆ ಎಂಬ ಲೆಕ್ಕ ಅದು. ದುಂಡು ಗುಂಡಿಗೆ ನಿಧಾನ ಸುತ್ತು ಸಾಕು: 1:60, 1:66, 1:70. ಉದ್ದ ಗುಂಡಿಗೆ ಬಿಗಿ ಸುತ್ತು ಬೇಕು: 1:28, 1:32. 1:48 ನಡುವಿನದು, ಎರಡನ್ನೂ ತಕ್ಕಮಟ್ಟಿಗೆ ಹೊಡೆಯುತ್ತದೆ. ಥಾಮ್ಸನ್ ಸೆಂಟರ್ ಕಂಪನಿ 1970ರಲ್ಲಿ ಬಿಟ್ಟ ಹಾಕನ್ ಮಾದರಿಯಿಂದಾಗಿ ಅದು ಮನೆಮಾತಾಯಿತು.

ಹಾಗಾಗಿ .50 ಎಂದಷ್ಟೇ ಹೇಳಿದರೆ ಸಾಲದು. 1:28 ಸುತ್ತಿನ .50ಕ್ಕೆ ದುಂಡು ಗುಂಡು ಹಾಕಿ 80 ಗ್ರೇನ್ ಮದ್ದು ಹೊಡೆದರೆ ಪ್ಯಾಚು ಗೀರುಗಳಿಂದ ಕಳಚಿ ಹರಿದು ಗುರಿ ಚದುರುತ್ತದೆ. ಹೊಡೆದ ಜಾಗದಿಂದ ಹತ್ತಿಪ್ಪತ್ತು ಹೆಜ್ಜೆ ಮುಂದೆ ಹೋಗಿ ಬಿದ್ದ ಪ್ಯಾಚ್ ಹೆಕ್ಕಿ ನೋಡಿ. ನಡುವೆ ದುಂಡನೆಯ ಮಸಿ ಗುರುತು, ಅಂಚು ಮಾತ್ರ ಕುಚ್ಚು ಕುಚ್ಚಾಗಿದ್ದರೆ ಎಲ್ಲ ಸರಿ. ತೂತಾಗಿ ಸುಟ್ಟಿದ್ದರೆ ಬಟ್ಟೆ ತೆಳು ಅಥವಾ ಜಿಡ್ಡು ಕಡಿಮೆ. ಅಡ್ಡಡ್ಡ ಕತ್ತರಿಸಿದಂತೆ ಹರಿದಿದ್ದರೆ ನಳಿಗೆಯ ಬಾಯಂಚು ಹರಿತವಾಗಿದೆ. ಆ ಬಟ್ಟೆಯ ಚೂರು ಹೇಳುವಷ್ಟನ್ನು ಯಾವ ಕೋಷ್ಟಕವೂ ಹೇಳುವುದಿಲ್ಲ.

ಉದ್ದ ಗುಂಡು, ಸೇಬೋ ಹಾಕಿದ್ರೆ .45 ಸಣ್ಣದು ಅನ್ನೋ ಮಾತೇ ಇರಲ್ಲ ಅಂತಾರೆ, ನಿಜಾನಾ?

ನಿಜ. ಮೇಲೆ ಹೇಳಿದ ತೂಕದ ಲೆಕ್ಕ ಗೋಲಿಗೆ ಮಾತ್ರ. ಉದ್ದ ಸೀಸದ ಗುಂಡು .45ರಲ್ಲೂ 200 ಗ್ರೇನ್ ಸುಲಭವಾಗಿ ದಾಟುತ್ತದೆ. ಸೇಬೋ ಎಂದರೆ ಪ್ಲಾಸ್ಟಿಕ್ ತೊಟ್ಟಿಲು; .50 ನಳಿಗೆಯಲ್ಲಿ .45 ಅಳತೆಯ 250 ಅಥವಾ 300 ಗ್ರೇನ್ ಪಿಸ್ತೂಲು ಗುಂಡನ್ನು ಹೊತ್ತೊಯ್ಯುತ್ತದೆ. ಕೋವಿ ತಯಾರಕ ಟೋನಿ ನೈಟ್ 1985ರಲ್ಲಿ ಎಂಕೆ-85 ತಂದಮೇಲೆ ಹಬ್ಬಿದ ಇನ್‌ಲೈನ್ (ಕೇಪು ನಳಿಗೆಯ ನೇರ ಹಿಂದೆಯೇ ಕೂರುವ) ಕೋವಿಗಳು ಇದಕ್ಕೆಂದೇ ಮಾಡಿದವು. ಅವುಗಳಲ್ಲಿ ನೂರೈವತ್ತು ಗಜದ ಜಿಂಕೆ ಸಾಮಾನ್ಯ ಮಾತು. ಅಲ್ಲಿ .45, .50ರ ಜಗಳಕ್ಕೆ ಹೆಚ್ಚು ಅರ್ಥವಿಲ್ಲ, ಸಾಮಾನು ಸಿಗುವ .50 ಕೊಳ್ಳಿ.

ಉದ್ದ ಗುಂಡಿನ ಯೋಚನೆ ಹೊಸದೇನಲ್ಲ. ಹಿಂಭಾಗ ಟೊಳ್ಳಾದ ಮಿನಿಯೆ ಗುಂಡನ್ನು ಅಮೆರಿಕದ ಅಂತರ್ಯುದ್ಧದಲ್ಲಿ .58ರ ಸ್ಪ್ರಿಂಗ್‌ಫೀಲ್ಡ್ ರೈಫಲ್ಲಿಗೆ ತುಂಬುತ್ತಿದ್ದರು. ಅದೇ ತಳಿಯ .577 ಎನ್‌ಫೀಲ್ಡಿನ ಜಿಡ್ಡು ಸವರಿದ ಕಾಗದದ ತೋಟಾ 1857ರಲ್ಲಿ ನಮ್ಮಲ್ಲಿ ಏನು ಮಾಡಿತೆಂದು ಶಾಲೆಯಲ್ಲೇ ಓದಿದ್ದೇವೆ.

ಮದ್ದಿನ ಡಬ್ಬಿ ಮೇಲೆ ಎರಡು ಎಫ್, ಮೂರು ಎಫ್ ಅಂತಿರುತ್ತೆ. ಯಾವ ಕ್ಯಾಲಿಬರಿಗೆ ಯಾವುದು?

ಎಫ್ ಹೆಚ್ಚಾದಷ್ಟೂ ಕಾಳು ಸಣ್ಣ, ಉರಿ ಚುರುಕು. ರೂಢಿಯಲ್ಲಿ .45ರವರೆಗೆ ಮೂರು ಎಫ್, .50 ಮತ್ತು ಮೇಲಿನದಕ್ಕೆ ಎರಡು ಎಫ್. ನಾಲ್ಕು ಎಫ್ ಚಕಮಕಿ ಕೋವಿಯಲ್ಲಿ ಕಿಡಿ ಬೀಳುವ ಬಟ್ಟಲಿಗೆ ಮಾತ್ರ. .50ಕ್ಕೂ ಮೂರು ಎಫ್ ಹಾಕುವವರಿದ್ದಾರೆ; ಹಾಕುವುದಾದರೆ ಅಳತೆ ಇಳಿಸಿ. ಜಿಂಕೆಗೆ .50ರಲ್ಲಿ 70ರಿಂದ 90 ಗ್ರೇನ್ ಸಾಕಷ್ಟಾಯಿತು. 50ರಿಂದ ಶುರುಮಾಡಿ ಐದೈದೇ ಏರಿಸುತ್ತ ಗುರಿ ಎಲ್ಲಿ ಒಟ್ಟಾಗುತ್ತದೋ ಅಲ್ಲಿ ನಿಲ್ಲಿಸಿ.

ಹೊಗೆಯಿಲ್ಲದ ಆಧುನಿಕ ಮದ್ದನ್ನು ಚಮಚದಷ್ಟೂ ಹಾಕಬಾರದು, ನಳಿಗೆ ಸಿಡಿಯುತ್ತದೆ. ಮದ್ದು ತುಂಬಿಟ್ಟ ಕೊಂಬಿನಿಂದ ನೇರವಾಗಿ ನಳಿಗೆಗೆ ಸುರಿಯಬಾರದು, ಒಳಗೆ ಕೆಂಡ ಉಳಿದಿದ್ದರೆ ಕೊಂಬೇ ಬಾಂಬು. ಗುಂಡು ಮದ್ದಿನ ಮೇಲೆ ಪೂರ್ತಿ ಕೂತಿದೆಯೇ ಎಂದು ರಾಡಿನ ಮೇಲೆ ಗುರುತು ಹಾಕಿ ಪ್ರತಿ ಸಲ ನೋಡಬೇಕು. ನಡುವೆ ಜಾಗ ಉಳಿದರೆ ನಳಿಗೆ ಉಬ್ಬುವುದು, ಬಿರಿಯುವುದು ಎರಡೂ ಉಂಟು.

ಕ್ಯಾಲಿಫೋರ್ನಿಯಾದಲ್ಲಿ ಸೀಸ ಬಂದ್ ಅಂತೆ. ಅಲ್ಲಿ ಏನು ಮಾಡೋದು?

2019ರ ಜುಲೈ 1ರಿಂದ ಅಲ್ಲಿ ಯಾವ ಬೇಟೆಗೂ ಸೀಸದ ಗುಂಡು ಕೂಡದು. ಬಿಸ್ಮತ್ ಮಿಶ್ರಣದ ಗೋಲಿ ಸಿಗುತ್ತದೆ, ತಾಮ್ರದ ಉದ್ದ ಗುಂಡೂ ಸಿಗುತ್ತದೆ. ಬಿಸ್ಮತ್ ಸೀಸಕ್ಕಿಂತ ಹಗುರ, ಗಡುಸು. ಜಿಂಕೆಗೆ ಬಿದ್ದಾಗ ಸೀಸದಂತೆ ಅಗಲವಾಗುವುದಿಲ್ಲ. ಆದ್ದರಿಂದ ಅಲ್ಲಿ ಗೋಲಿಯಲ್ಲೇ ಬೇಟೆಯಾಡುವವರು ಒಂದು ಮೆಟ್ಟಿಲು ಮೇಲೆ ಹೋಗಿ .54 ಹಿಡಿಯುವುದು ಲೇಸು.

ಸಂತೆಯಲ್ಲಿ ಹಳೇ ಕೋವಿ ಸಿಕ್ತು, ಮಾರೋನು .45 ಅಂದ. ಯಾವ ಗುಂಡು ಕೊಳ್ಳಲಿ?

ಮೊದಲು ಅದು ಖಾಲಿಯೇ ನೋಡಿ. ರಾಡನ್ನು ನಳಿಗೆಯೊಳಗೆ ತಳಕ್ಕೆ ಬಿಟ್ಟು ಬಾಯಿಯ ಮಟ್ಟಕ್ಕೆ ಗುರುತು ಹಾಕಿ, ಹೊರತೆಗೆದು ನಳಿಗೆಯ ಪಕ್ಕದಲ್ಲಿ ಹಿಡಿಯಿರಿ. ಅದು ಕೇಪು ಕೂರುವ ಜಾಗದ ಹತ್ತಿರಕ್ಕೆ ಮುಟ್ಟಬೇಕು. ಎರಡು ಬೆರಳಷ್ಟು ಮೊದಲೇ ನಿಂತರೆ ಯಾರೋ ತುಂಬಿಟ್ಟ ಈಡು ಇನ್ನೂ ಒಳಗಿರಬಹುದು. ಹೀಗೆ ತುಂಬಿದ ಕೋವಿಗಳು ಎಷ್ಟೋ ವರ್ಷ ಗೋಡೆಯ ಮೇಲೆ ತೂಗಿ ಆಮೇಲೆ ಸಿಡಿದದ್ದಿದೆ. ಅನುಮಾನ ಬಂದರೆ ಕೇಪಿಟ್ಟು ಪರೀಕ್ಷಿಸಬೇಡಿ, ಕೋವಿ ರಿಪೇರಿಯವನ ಹತ್ತಿರ ಒಯ್ಯಿರಿ.

ಆಮೇಲೆ ಅಳತೆ. ಕೈಯಿಂದ ಕೊರೆದ ಹಳೆಯ ನಳಿಗೆಗಳಿಗೆ ಮಾರುವವನ ಮಾತು ಪ್ರಮಾಣವಲ್ಲ. ಕ್ಯಾಲಿಪರ್ ಎಂಬ ಅಳತೆ ಸಾಧನದಿಂದ ಗೀರುಗಳ ನಡುವಿನ ಏಣುಗಳ ಅಂತರ ಅಳೆಯಿರಿ. ಅದಕ್ಕಿಂತ ಇಂಚಿನ ನೂರನೇ ಒಂದು ಭಾಗ ಸಣ್ಣ ಗುಂಡು ಕೊಳ್ಳಿ. ನಳಿಗೆ .450 ಇದ್ದರೆ ಗುಂಡು .440, ಪ್ಯಾಚ್ .015 ದಪ್ಪ. ಹೆಬ್ಬೆರಳ ಒತ್ತಿಗೆ ಬಾಯಲ್ಲಿ ಕೂತು, ಗಿಡ್ಡ ಕೋಲಿನ ಒಂದು ಗುದ್ದಿಗೆ ಒಳಗಿಳಿಯಬೇಕು. ಸುತ್ತಿಗೆ ಬೇಕಾದರೆ ಬಟ್ಟೆ ತೆಳು ಮಾಡಿ. ತಾನಾಗಿ ಜಾರಿಹೋದರೆ ದಪ್ಪ ಮಾಡಿ, ಅಥವಾ .445ರ ಗುಂಡು ತಂದು ನೋಡಿ. ಒಂದೇ ಸಲ ನೂರರ ಡಬ್ಬಿ ಕೊಳ್ಳುವ ಮುಂಚೆ ಯಾರಲ್ಲಾದರೂ ಎರಡೂ ಅಳತೆಯ ನಾಲ್ಕಾರು ಗುಂಡು ಇಸಿದುಕೊಳ್ಳಿ. ಈ ಕೋವಿ ಹಿಡಿದ ಜನ ಅಷ್ಟಕ್ಕೆಲ್ಲ ಇಲ್ಲವೆನ್ನುವವರಲ್ಲ.